ಗೋಕಾಕದ ಬಣ್ಣದ ಹಣ್ಣು, ಕಟ್ಟಿಗೆಯ ಎತ್ತು

ಗೋಕಾಕಕ್ಕೆ ಹೋದವರು ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕುವುದನ್ನು ಕಣ್ತುಂಬಿಸಿಕೊಂಡು, ಒಂದೆರಡು ಪೊಟ್ಟಣ ಕರದಂಟು ಕಟ್ಟಿಸಿಕೊಂಡು ಬಸ್ಸು ಹತ್ತುತ್ತಾರೆ. ಊರಿನ ಮೂರನೆಯ ಹೆಮ್ಮೆ ಓಣಿಯೊಳಗೇ ಉಳಿದುಬಿಡುತ್ತದೆ. ಹಗುರ ಕಟ್ಟಿಗೆ ಮತ್ತು ಸುತ್ತಲಿನ ಮಣ್ಣಿನಿಂದ ಇಲ್ಲಿ ಮಾಡುತ್ತಿದ್ದ ಗೊಂಬೆ, ಹಣ್ಣುಗಳನ್ನು ಶತಮಾನದ ಹಿಂದಿನ ಇಂಪೀರಿಯಲ್ ಗೆಜೆಟಿಯರ್ ಹೆಸರಿಸಿ ಬರೆದಿತ್ತು. ಮಾವು, ಪೇರಲ, ಸೀತಾಫಲ, ಬದನೆ, ಎತ್ತು, ಗಿಳಿ: ಎಲ್ಲವೂ ಜೀನಗಾರ ಮನೆತನಗಳ ಕೈಯಲ್ಲಿ ಅರಳಿದವು.

ಚನ್ನಪಟ್ಟಣದ ಆಟಿಕೆ ಚರಕಿಯ ಮೇಲೆ ತಿರುಗುತ್ತಿರುವಾಗಲೇ ಅರಗಿನ ಬಣ್ಣ ಮೆತ್ತಿಕೊಳ್ಳುತ್ತದೆ. ಗೋಕಾಕದ್ದು ಉಳಿಯಿಂದ ಹುಟ್ಟಿ ಕುಂಚದಿಂದ ಬೆಳೆಯುವ ಕಲೆ. ಕೆತ್ತಿದ ಕಟ್ಟಿಗೆಯ ಸಂದು, ಬಿರುಕುಗಳಿಗೆ ಕಟ್ಟಿಗೆಯ ಹೊಟ್ಟು ಮತ್ತು ಹುಣಸೆ ಬೀಜದ ಅಂಟನ್ನು ಕಲಸಿ ಮೆತ್ತುತ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿದರೆ ಈ ಅಂಟು ಸಿದ್ಧ. ಕಟ್ಟಿಗೆ ಗೊಂಬೆಗಳಿಗೆ ಹೆಸರಾದ ಕಿನ್ನಾಳದಲ್ಲೂ ಆಂಧ್ರದ ಕೊಂಡಪಲ್ಲಿಯಲ್ಲೂ ಇದೇ ಅಂಟು. ಒಣಗಿದ ಮೇಲೆ ಉಜ್ಜಿ ನುಣುಪು ಮಾಡಿ ಬಿಳಿ ಬಳಿಯುತ್ತಾರೆ. ಬಿಳಿ ಸರಿಯಾಗಿ ಕೂರದಿದ್ದರೆ ಮೇಲಿನ ಬಣ್ಣ ಮಂಕಾಗುತ್ತದೆ.

ನಿಜವಾದ ಪರೀಕ್ಷೆ ಇಲ್ಲಿಂದ ಶುರು. ಮಾವಿಗೆ ಬರೀ ಹಳದಿ ಬಳಿದರೆ ಅದು ಚೆಂಡಾಗುತ್ತದೆ. ತೊಟ್ಟಿನ ಸುತ್ತ ಹಸಿರು ಉಳಿಯಬೇಕು, ಬಿಸಿಲು ಬಿದ್ದ ಭುಜ ಕೆಂಪಾಗಬೇಕು, ಆ ಕೆಂಪು ಎಲ್ಲಿ ಮುಗಿಯಿತೆಂದು ಕಣ್ಣಿಗೆ ಗೊತ್ತಾಗಬಾರದು. ಹಾಗಾಗಿ ತೆಳು ಬಣ್ಣದಿಂದ ಗಾಢಕ್ಕೆ ಹೋಗುತ್ತಾರೆ. ಬಾಳೆಹಣ್ಣಿನ ಏಣು, ಅದರ ತುದಿಯ ಕಪ್ಪು, ಮಾಗಿದ್ದಕ್ಕೆ ಸಾಕ್ಷಿಯಾದ ನಾಲ್ಕು ಚುಕ್ಕೆ. ಸೀತಾಫಲವಂತೂ ತಾಳ್ಮೆಯನ್ನೇ ಬೇಡುತ್ತದೆ: ಕಣ್ಣು ಕಣ್ಣುಗಳ ನಡುವೆ ಬೇರೆ ಛಾಯೆ. ಸಂತೆಯಲ್ಲಿ ಹಣ್ಣು ಆರಿಸುವಷ್ಟೇ ಹೊತ್ತು ಹಣ್ಣನ್ನು ದಿಟ್ಟಿಸಿದವರು ಮಾತ್ರ ಇದನ್ನು ಬರೆಯಬಲ್ಲರು ಎಂಬುದು ನನ್ನ ನಂಬಿಕೆ.

ಪ್ರಾಣಿಗಳದ್ದು ಇನ್ನೂ ಕಠಿಣ, ಯಾಕೆಂದರೆ ನೋಡುವವರು ಒಕ್ಕಲಿಗರು. ಗೋಕಾಕ ತಾಲೂಕಿನಿಂದ ಬೇರೆಯಾದ ಮೂಡಲಗಿಯಲ್ಲಾಗಲಿ, ಹಿಡಕಲ್ ಜಲಾಶಯವಿರುವ ಹುಕ್ಕೇರಿಯಲ್ಲಾಗಲಿ, ಕಾರಹುಣ್ಣಿಮೆಗೆ ರೈತರೇ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಾರೆ, ಗೊಂಡೆ ಕಟ್ಟುತ್ತಾರೆ, ಬೆನ್ನಿಗೆ ಹೂಬಳ್ಳಿಯ ಜೂಲು ಹೊದಿಸುತ್ತಾರೆ. ಮುಂದೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಜೋಡಿಯನ್ನು ಮನೆಗೆ ತಂದು ಪೂಜಿಸುತ್ತಾರೆ. ಅಂಥವರ ಮುಂದೆ ಖಿಲಾರಿ ಎತ್ತಿನ ಕೊಂಬಿನ ಬಾಗು ತಪ್ಪಿದರೆ, ಹಿಣಿಲು ಚಿಕ್ಕದಾದರೆ, ಕಣ್ಣಿನ ಸುತ್ತಲಿನ ಕಪ್ಪು ಮರೆತರೆ ನಡೆಯುವುದಿಲ್ಲ. ಈ ಸೀಮೆಯ ಕಲಾವಿದನಿಗೆ ಇವರಿಗಿಂತ ದೊಡ್ಡ ವಿಮರ್ಶಕರು ಬೇಕಿಲ್ಲ.

ಘಟ್ಟದಾಚೆಯ ಸಾವಂತವಾಡಿಯೂ ಕಟ್ಟಿಗೆ ಹಣ್ಣುಗಳಿಗೆ ಹೆಸರಾದ ಊರೇ. ಅಲ್ಲಿ ಅಂಗಡಿಗಳ ಸಾಲೇ ಇದೆ, ಪ್ರವಾಸಿ ಹುಡುಕಿಕೊಂಡು ಹೋಗುತ್ತಾನೆ. ಗೋಕಾಕದಲ್ಲಿ ಈಗ ಈ ಕೆಲಸ ಹಿಡಿದಿರುವುದು ಕೆಲವೇ ಮನೆಗಳು. ಪ್ಲಾಸ್ಟಿಕ್ ಹಣ್ಣಿನ ಬೆಲೆಯೊಡನೆ ಪೈಪೋಟಿ ಮಾಡಲು ಇದರಿಂದಾಗದು, ಮಾಡಬೇಕಾಗಿಯೂ ಇಲ್ಲ. ಜಲಪಾತದ ಬಳಿ, ಕರದಂಟಿನ ಅಂಗಡಿಯ ಪಕ್ಕ ಈ ಕಟ್ಟಿಗೆ ಹಣ್ಣುಗಳಿಗೊಂದು ಕಪಾಟು ಸಿಕ್ಕರೆ ಕೊಳ್ಳುವವರು ಬರುತ್ತಾರೆ. ಕೊಳ್ಳುವಾಗ ಹಣ್ಣನ್ನು ತಿರುಗಿಸಿ ತಳ ನೋಡಿ. ಯಾರಿಗೂ ಕಾಣದ ಆ ಭಾಗಕ್ಕೂ ಎರಡನೆಯ ಛಾಯೆ ಕೊಟ್ಟಿದ್ದರೆ, ಕೇಳಿದಷ್ಟು ಬೆಲೆ ಕೊಡಿ.