'ಹತ್ತು' ಎಂಬ ಸಹಾಯಕ ಕ್ರಿಯಾಪದವೂ ಗ್ರಂಥಭಾಷೆಯೂ

ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ 'ಬರೆಯಹತ್ತಿದ್ದಾರೆ', 'ಬೆಳೆಯಹತ್ತಿದೆ' ಎಂಬ ರೂಪಗಳು ಬಂದಾಗ ಅಧ್ಯಾಪಕರು ಕೆಂಪು ಶಾಯಿಯ ಗೆರೆ ಎಳೆಯುವುದುಂಟು. ಈ ತಿದ್ದುಪಾಟು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

'ಹತ್ತು' ಧಾತುವಿಗೆ ಅಂಟಿಕೊಳ್ಳು ಎಂಬುದು ಹಳೆಯ ಅರ್ಥ. 'ಬೆಂಕಿ ಹತ್ತಿತು', 'ಮಸಿ ಹತ್ತಿತು' ಎಂಬಲ್ಲಿ ಅದು ಇಂದಿಗೂ ಉಳಿದಿದೆ. ಕೆಲಸಕ್ಕೆ ಅಂಟಿಕೊಂಡವನು ಅದರಲ್ಲಿ ತೊಡಗಿದವನೇ ಅಲ್ಲವೆ? ಹೀಗೆ 'ಅಳಹತ್ತಿದಳು' ಎಂದರೆ 'ಅಳತೊಡಗಿದಳು' ಎಂದಾಯಿತು. ಈ ಆರಂಭಾರ್ಥವನ್ನು ಗ್ರಂಥಭಾಷೆಯು ಎಂದೋ ಅಂಗೀಕರಿಸಿದೆ. ಆಡುಮಾತು ಇನ್ನೂ ಮುಂದೆ ಹೋಯಿತು. ಇಳಕಲ್ಲಿನಲ್ಲಿ 'ಸೀರಿ ನೇಯಾಕ ಹತ್ಯಾರ' ಎಂದರೆ ನೇಯಲು ತೊಡಗಿದರೆಂದಲ್ಲ, ಈಗ ನೇಯುತ್ತಿದ್ದಾರೆಂದು. ತೊಡಕಿರುವುದು ಇಲ್ಲಿಯೇ. ಘಟಪ್ರಭೆಯ ದಂಡೆಯವನು 'ಹೊಳೆ ಏರಹತ್ತಿದೆ' ಎಂದು ಬರೆದರೆ, ಮೈಸೂರಿನ ಓದುಗನು ನೀರು ಈಗತಾನೇ ಏರಲಾರಂಭಿಸಿತೆಂದು ತಿಳಿದಾನು. ಮಹಾಪೂರದ ವರದಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಆದುದರಿಂದ ಆರಂಭಾರ್ಥದಲ್ಲಿ ಈ ಪ್ರಯೋಗವು ಶಿಷ್ಟವೆಂದೂ, ನಡೆಯುತ್ತಿರುವ ಕ್ರಿಯೆಗೆ 'ಏರುತ್ತಿದೆ' ಎಂಬಂಥ ರೂಪವೇ ಲೇಸೆಂದೂ ನನ್ನ ಅಭಿಮತ. ಆದರೆ ತಿದ್ದುವಾಗ ಈ ಅರ್ಥಭೇದವನ್ನು ತಿಳಿಸಬೇಕೇ ಹೊರತು ಗ್ರಾಮ್ಯವೆಂದು ಹಳಿಯಲಾಗದು. ಸುಮಾರು 850ರ ಕವಿರಾಜಮಾರ್ಗವು ತಿರುಳ್ಗನ್ನಡದ ಎಲ್ಲೆಗೆ ಹೆಸರಿಸಿದ ನಾಲ್ಕು ಊರುಗಳಲ್ಲಿ ಕಿಸುವೊಳಲೂ ಒಂದು. ಅದು ಬಾದಾಮಿಯ ನೆರೆಯ ಪಟ್ಟದಕಲ್ಲು. ಇನ್ನು ಜನರ ಮಾತನ್ನು ಉದ್ಧರಿಸುವಲ್ಲಿ ಅವರು ಆಡಿದಂತೆಯೇ ಬರೆಯತಕ್ಕದ್ದು. ಅಲ್ಲಿ 'ಹತ್ಯಾರ' ಎಂಬುದನ್ನು ಮುಟ್ಟುವ ಅಧಿಕಾರ ಯಾವ ಅಧ್ಯಾಪಕರಿಗೂ ಇಲ್ಲ.