ಓಟಕ್ಕೆ ತಕ್ಕ ಬ್ರೇಕು: ಹಳೆಯ ಮಸಲ್ ಕಾರಿಗೆ ಮುಂದಿನ ಡಿಸ್ಕ್

1964ರ ಪಾಂಟಿಯಾಕ್ ಜಿಟಿಓ ಕಾರಿನ ನಾಲ್ಕೂ ಚಕ್ರಗಳಿಗೆ ಇದ್ದದ್ದು 9.5 ಇಂಚಿನ ಡ್ರಮ್ ಬ್ರೇಕು. ಅದೇ ಕಂಪನಿಯ ಟೆಂಪೆಸ್ಟ್ ಎಂಬ ಸಾಧಾರಣ ಸಂಸಾರದ ಕಾರಿಗೂ ಅದೇ ಬ್ರೇಕು. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ವಿ8 ಎಂಜಿನ್ ಕೂರಿಸಿ ಅಮೆರಿಕದ ಕಂಪನಿಗಳು 1960ರ ದಶಕದಲ್ಲಿ ಮಾರಿದ ‘ಮಸಲ್ ಕಾರು’ಗಳ ಸಾಲು ಈ ಜಿಟಿಓದಿಂದ ಶುರುವಾಯಿತೆಂದು ಬಹಳಷ್ಟು ಮಂದಿ ಲೆಕ್ಕ ಹಿಡಿಯುತ್ತಾರೆ. ಜಾನ್ ಡಿಲೋರಿಯನ್ ಮುಖ್ಯ ಎಂಜಿನಿಯರ್ ಆಗಿದ್ದ ತಂಡ ಟೆಂಪೆಸ್ಟ್‌ನ ಒಡಲಿಗೆ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ ಇಳಿಸಿತು. ಅದರ ಶಕ್ತಿ 325 ಎಚ್‌ಪಿ. ಮೂರು ಕಾರ್ಬುರೇಟರ್ ಹಾಕಿಸಿಕೊಂಡರೆ 348. ಎಂಜಿನ್ ಬೆಳೆಯಿತು, ಬ್ರೇಕು ಬೆಳೆಯಲಿಲ್ಲ. ಹೆಚ್ಚಿನ ಹಣ ಕೊಟ್ಟವರಿಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಸಿಗತೊಡಗಿದ್ದು 1967ರ ಮಾದರಿಯಿಂದ. ಅದಕ್ಕೂ ಹಿಂದಿನ ಜಿಟಿಓ, ಷೆವೆಲ್ ಮುಂತಾದ ಜನರಲ್ ಮೋಟರ್ಸ್ ಕಾರುಗಳನ್ನು ಇಂದಿಗೂ ಓಡಿಸುವ ಮಾಲೀಕರು ಮಾಡಿಸುವ ಬದಲಾವಣೆಗಳಲ್ಲಿ ತೀರಾ ಅಗತ್ಯವಾದದ್ದು ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸುವುದು.

ಬ್ರೇಕು ಮಾಡುವುದು ಒಂದೇ ಕೆಲಸ: ಓಟದ ಶಕ್ತಿಯನ್ನು ಬಿಸಿಯಾಗಿ ಬದಲಿಸಿ ಗಾಳಿಗೆ ಬಿಡುವುದು. 1,600 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಶಕ್ತಿ ಸುಮಾರು 617 ಕಿಲೋಜೂಲ್. ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಕಾರು ನಿಲ್ಲುವ ನಾಲ್ಕಾರು ಸೆಕೆಂಡುಗಳಲ್ಲಿ ಆ ಬಿಸಿಯೆಲ್ಲ ಬ್ರೇಕಿನ ಕಬ್ಬಿಣಕ್ಕೆ ಇಳಿಯುತ್ತದೆ. ವೇಗ 160 ಕಿ.ಮೀ. ಆದರೆ ಶಕ್ತಿ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬ್ರೇಕ್ ಒತ್ತಿದಾಗ ಕಾರು ಮುಂದಕ್ಕೆ ಬಾಗುವುದರಿಂದ ಈ ಹೊರೆಯ ಮುಕ್ಕಾಲು ಪಾಲಿನಷ್ಟು ಮುಂದಿನ ಎರಡು ಚಕ್ರಗಳ ಮೇಲೆಯೇ ಬೀಳುತ್ತದೆ. ಹಿಂದಿನ ಡ್ರಮ್ ಹಾಗೇ ಉಳಿಸಿಕೊಂಡು ಮುಂದೆ ಮಾತ್ರ ಡಿಸ್ಕ್ ಹಾಕಿದರೂ ರಸ್ತೆಯ ಓಡಾಟಕ್ಕೆ ಸಾಕಾಗುವುದು ಇದರಿಂದಲೇ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಚಾಲಕರಿಗೆ ಡ್ರಮ್ಮಿನ ಸ್ವಭಾವ ಹೊಸದಲ್ಲ. ಶೂಗಳು ಒಳಗಿನಿಂದ ಹೊರಕ್ಕೆ ಒತ್ತುತ್ತವೆ. ಘಾಟಿ ಇಳಿಯುವಾಗ ಬಿಸಿಯೇರಿದ ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಲೈನಿಂಗ್ ಅತಿಯಾಗಿ ಕಾದರೆ ಹಿಡಿತವೂ ತಗ್ಗುತ್ತದೆ. ಮುಚ್ಚಿದ ಡಬ್ಬಿಯೊಳಗಿನ ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಒಳಗೆ ನೀರು ನುಗ್ಗಿದರೆ ಅದೂ ಬೇಗ ಹೋಗುವುದಿಲ್ಲ. ಡಿಸ್ಕ್ ತೆರೆದ ಗಾಳಿಯಲ್ಲಿ ತಿರುಗುತ್ತದೆ, ಎರಡು ಪದರಗಳ ನಡುವಿನ ಸಂದುಗಳಿಂದ ಗಾಳಿ ಎಳೆದುಕೊಳ್ಳುತ್ತದೆ. ಬಿಸಿಯಾಗಿ ದಪ್ಪಗಾದರೆ ಪ್ಯಾಡಿಗೆ ಹತ್ತಿರವಾಗುತ್ತದೆಯೇ ಹೊರತು ದೂರವಾಗುವುದಿಲ್ಲ. ಇದರ ಬಲ 1953ರಲ್ಲೇ ಜಗತ್ತಿಗೆ ಗೊತ್ತಾಗಿತ್ತು: ಆ ವರ್ಷದ ಲೆ ಮಾನ್ 24 ಗಂಟೆಗಳ ರೇಸನ್ನು ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಗೆದ್ದಿತು. 1955ರಲ್ಲಿ ಫ್ರಾನ್ಸಿನ ಸಿಟ್ರನ್ ಡಿಎಸ್ ಸಾಮಾನ್ಯರು ಕೊಳ್ಳುವ ಕಾರಿಗೇ ಮುಂದಿನ ಡಿಸ್ಕ್ ತಂದಿತು. ಅಷ್ಟಾದ ಮೇಲೂ 1964ರಲ್ಲಿ 325 ಎಚ್‌ಪಿಯ ಕಾರನ್ನು ಸಣ್ಣ ಡ್ರಮ್ಮುಗಳ ಮೇಲೆ ರಸ್ತೆಗೆ ಬಿಟ್ಟದ್ದು ಡೆಟ್ರಾಯ್ಟ್‌ನ ಹೆಮ್ಮೆಯ ಅಧ್ಯಾಯವಂತೂ ಅಲ್ಲ.

ಬದಲಾವಣೆಯ ಕಬ್ಬಿಣದ ಕೆಲಸ ಜನರಲ್ ಮೋಟರ್ಸ್ ಕಾರುಗಳಲ್ಲಿ ಅಷ್ಟೇನೂ ಕಷ್ಟವಲ್ಲ. 1964ರಿಂದ 1972ರವರೆಗಿನ ಜಿಟಿಓ, ಷೆವೆಲ್ ಬಳಗ ಮತ್ತು 1967–69ರ ಕಮಾರೋ ಇವುಗಳ ಸ್ಪಿಂಡಲ್‌ಗಳು, ಅಂದರೆ ಮುಂದಿನ ಚಕ್ರವನ್ನು ಹೊರುವ ಭಾಗಗಳು, ಒಂದಕ್ಕೊಂದು ಹೊಂದುತ್ತವೆ. ಹಾಗಾಗಿ ಡಿಸ್ಕ್ ಇದ್ದ ಕಾರಿನ ಸ್ಪಿಂಡಲನ್ನು ಡ್ರಮ್ ಇದ್ದ ಕಾರಿನ ಬಾಲ್ ಜಾಯಿಂಟ್‌ಗಳ ನಡುವೆ ಕೂರಿಸಬಹುದು. ಗುಜರಿಯಲ್ಲಿ ಸಿಗದಿದ್ದರೆ ಹೊಸದಾಗಿ ಎರಕ ಹೊಯ್ದ ಸೆಟ್‌ಗಳೂ ಮಾರುಕಟ್ಟೆಯಲ್ಲಿವೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ಗೆ 1967ರಲ್ಲಿ ನಾಲ್ಕು ಪಿಸ್ಟನ್; ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ರಿಪೇರಿ ತುಸು ರಗಳೆ. 1969ರಿಂದ ಬಂದ ಒಂದೇ ಪಿಸ್ಟನ್ನಿನ, ತಾನೇ ಜಾರಿ ಎರಡೂ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಸರಳ, ಅಗ್ಗ, ಬಿಡಿಭಾಗವೂ ಸುಲಭಕ್ಕೆ ಸಿಗುತ್ತದೆ. ಸುಮಾರು 11 ಇಂಚಿನ ಡಿಸ್ಕಿನ ಜೊತೆ ಅದು ದಿನದ ಓಡಾಟಕ್ಕೆ ಧಾರಾಳವಾಯಿತು. 13 ಇಂಚಿನ ತೂತು ಕೊರೆದ ಡಿಸ್ಕು ನೋಡಲು ಚೆಂದ, ಆದರೆ ಅದಕ್ಕೆ 17 ಇಂಚಿನಷ್ಟು ದೊಡ್ಡ ರಿಮ್ ಬೇಕಾಗಿ ಕಾರಿನ ಮುಖಚಹರೆಯೇ ಬದಲಾಗುತ್ತದೆ. 11 ಇಂಚಿನ ಡಿಸ್ಕಿಗೂ ಹಳೆಯ 14 ಇಂಚಿನ ರಿಮ್ ಎಲ್ಲ ಸಲ ಹಿಡಿಸುವುದಿಲ್ಲ. ಕ್ಯಾಲಿಪರ್ ಒಳಮೈಗೆ ಉಜ್ಜುತ್ತದೆ. ಕೆಲವು ಸೆಟ್‌ಗಳು ಚಕ್ರವನ್ನು ಹೊರಕ್ಕೆ ತಳ್ಳುವುದರಿಂದ ತಿರುವಿನಲ್ಲಿ ಟೈರ್ ಮಡ್‌ಗಾರ್ಡಿಗೆ ತಾಗುವುದೂ ಉಂಟು. ಇದನ್ನೆಲ್ಲ ಅಳೆದು ನೋಡಬೇಕಾದದ್ದು ದುಡ್ಡು ಕೊಡುವ ಮೊದಲು.

ನಿಜವಾದ ಕೆಲಸ ಇರುವುದು ಆಯಿಲ್ ಹರಿಯುವ ದಾರಿಯಲ್ಲಿ. ಡ್ರಮ್ಮಿಗೆ ಒಂದು ಅನುಕೂಲವಿದೆ: ತಿರುಗುವ ಡ್ರಮ್ಮೇ ಶೂವನ್ನು ತನ್ನ ಜೊತೆ ಎಳೆದು ಇನ್ನಷ್ಟು ಬಿಗಿಯಾಗಿ ಒತ್ತಿಸಿಕೊಳ್ಳುತ್ತದೆ. ಕಾಲಿನಿಂದ ಸ್ವಲ್ಪ ಒತ್ತಿದರೂ ಹಿಡಿತ ಜೋರಾಗಿರುತ್ತದೆ. ಡಿಸ್ಕಿಗೆ ಈ ಗುಣವಿಲ್ಲ. ಪ್ಯಾಡಿನ ಒತ್ತಡವೆಲ್ಲ ಆಯಿಲ್‌ನಿಂದಲೇ ಬರಬೇಕು. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಹಳೆಯ ಮಾಸ್ಟರ್ ಸಿಲಿಂಡರ್ ಉಳಿಸಿಕೊಂಡು ಡಿಸ್ಕ್ ಮಾತ್ರ ಹಾಕಿದವರಿಗೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ, ಕಾರು ಮೊದಲಿಗಿಂತ ನಿಧಾನವಾಗಿ ನಿಲ್ಲುವುದು ಈ ಕಾರಣದಿಂದ.

ಲೆಕ್ಕ ಸುಲಭ. ಕಾಲಿನಿಂದ 40 ಕಿಲೋ ಒತ್ತಡ ಹಾಕಿದರೆ, ಆರಕ್ಕೆ ಒಂದರ ಅನುಪಾತದ ಪೆಡಲ್ ಅದನ್ನು 240 ಕಿಲೋ ಮಾಡುತ್ತದೆ. ಮಾಸ್ಟರ್ ಸಿಲಿಂಡರಿನ ಬೋರ್ ಒಂದು ಇಂಚಾದರೆ ಪ್ರತಿ ಚದರ ಸೆಂಟಿಮೀಟರಿಗೆ ಸಿಗುವ ಒತ್ತಡ ಸುಮಾರು 47 ಕಿಲೋ. ಬೋರ್ ಮುಕ್ಕಾಲು ಇಂಚಿನ ಮೇಲೆ ಅರ್ಧಪಾವು, ಅಂದರೆ 22 ಮಿ.ಮೀ. ಆದರೆ ಅದೇ ಕಾಲಿಗೆ 62 ಕಿಲೋ ಸಿಗುತ್ತದೆ. ಬದಲಿಗೆ ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ಇಲ್ಲದ ಕಾರಿಗೆ ಸಣ್ಣ ಬೋರ್, ಬೂಸ್ಟರ್ ಇದ್ದ ಕಾರಿಗೆ ಒಂದು ಇಂಚು ಅಥವಾ ತುಸು ದೊಡ್ಡದು ಎಂಬ ರೂಢಿ ಹುಟ್ಟಿದ್ದು ಹೀಗೆ.

ಹೊಸ ಮಾಸ್ಟರ್ ಸಿಲಿಂಡರ್ ಹಾಕಿಸಲು ಇನ್ನೂ ಬಲವಾದ ಕಾರಣವಿದೆ. 1966ರವರೆಗಿನ ಜಿಟಿಓದಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ದಾರಿ. ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕೂ ಬ್ರೇಕು ಹೋಯಿತು. 1967ರಿಂದ ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಕೋಣೆಗಳಿರುವ ಜೋಡಿ ಸಿಲಿಂಡರ್ ಬಂತು. ಹಳೆಯ ಕಾರಿನಲ್ಲಿ ಡಿಸ್ಕಿಗಿಂತ ಮೊದಲು ಬದಲಿಸಬೇಕಾದ ವಸ್ತು ಯಾವುದು ಎಂದರೆ ಇದೇ. ಡಿಸ್ಕಿನ ಕಡೆಯ ಕೋಣೆ ದೊಡ್ಡದಾಗಿರಬೇಕು, ಏಕೆಂದರೆ ಪ್ಯಾಡ್ ಸವೆದಷ್ಟೂ ಪಿಸ್ಟನ್ ಹಿಂದೆ ಆಯಿಲ್ ತುಂಬುತ್ತಾ ಹೋಗುತ್ತದೆ. ಡ್ರಮ್ ಲೈನಿನಲ್ಲಿ ಕೊಂಚ ಒತ್ತಡ ಉಳಿಸುವ ಪುಟ್ಟ ವಾಲ್ವ್ ಸಿಲಿಂಡರಿನ ಬಾಯಲ್ಲಿ ಅಡಗಿರುತ್ತದೆ. ಡಿಸ್ಕ್ ಲೈನಿನಲ್ಲಿ ಅದು ಉಳಿದರೆ ಪ್ಯಾಡ್ ಯಾವಾಗಲೂ ಡಿಸ್ಕಿಗೆ ಉಜ್ಜುತ್ತಾ ಕಾಯುತ್ತದೆ.

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಕಾರಿಗೆ ಇನ್ನೆರಡು ವಾಲ್ವ್ ಬೇಕು. ಹಿಂದಿನ ಶೂಗಳು ಸ್ಪ್ರಿಂಗಿನ ಬಿಗಿ ಮೀರಿ ಡ್ರಮ್ಮಿಗೆ ತಾಗುವವರೆಗೆ ಮುಂದಿನ ಡಿಸ್ಕನ್ನು ಕ್ಷಣಕಾಲ ತಡೆಹಿಡಿಯುವುದು ಮೀಟರಿಂಗ್ ವಾಲ್ವ್. ಜೋರಾಗಿ ಒತ್ತಿದಾಗ ಹಿಂದಿನ ಒತ್ತಡದ ಏರಿಕೆಯನ್ನು ತಗ್ಗಿಸುವುದು ಪ್ರಪೋರ್ಷನಿಂಗ್ ವಾಲ್ವ್. ಎರಡನೆಯದು ಇಲ್ಲದೆ ಡಿಸ್ಕಿಗೆ ಬೇಕಾದ ಪೂರ್ತಿ ಒತ್ತಡ ಹಿಂದಿನ ಡ್ರಮ್ಮಿಗೂ ಹೋದರೆ, ಹಗುರಾದ ಹಿಂಚಕ್ರಗಳು ಮೊದಲು ಲಾಕ್ ಆಗಿ ಕಾರು ಅಡ್ಡಡ್ಡ ತಿರುಗುತ್ತದೆ. ನಿಲ್ಲದ ಕಾರಿಗಿಂತ ಇದು ಹೆಚ್ಚು ಅಪಾಯ.

ಬೂಸ್ಟರ್ ವಿಷಯದಲ್ಲಿ ಎಂಜಿನ್ನನ್ನು ಕೇಳಿಯೇ ಮುಂದುವರಿಯಬೇಕು. ಬೂಸ್ಟರ್ ಎಂಜಿನ್ನಿನ ವ್ಯಾಕ್ಯೂಮ್‌ನಿಂದ ಕೆಲಸ ಮಾಡುತ್ತದೆ. ಐಡಲ್‌ನಲ್ಲಿ ಪಾದರಸದ 18 ಇಂಚಿನಷ್ಟು ಸಿಕ್ಕರೆ ಒಳ್ಳೆಯದು. ರೇಸ್ ಕ್ಯಾಮ್‌ಶಾಫ್ಟ್ ಹಾಕಿಸಿದ ಎಂಜಿನ್ ಅಷ್ಟು ಕೊಡುವುದಿಲ್ಲ. ಅಂಥ ಕಾರಿಗೆ ವಿದ್ಯುತ್ ವ್ಯಾಕ್ಯೂಮ್ ಪಂಪು, ಪವರ್ ಸ್ಟೀರಿಂಗ್ ಪಂಪಿನಿಂದ ನಡೆಯುವ ಹೈಡ್ರೋಬೂಸ್ಟ್, ಇಲ್ಲವೇ ಸಣ್ಣ ಬೋರಿನ ಸಿಲಿಂಡರಿನೊಡನೆ ಬರಿಯ ಕಾಲಿನ ಬಲ, ಈ ಮೂರೇ ದಾರಿ. ಬೂಸ್ಟರ್ ಹಾಕಿದರೆ ಪೆಡಲಿನ ಅನುಪಾತವನ್ನೂ ನಾಲ್ಕಕ್ಕೆ ಒಂದರ ಸುಮಾರಿಗೆ ಇಳಿಸಬೇಕು.

ಜೋಡಣೆಗೆ ಕೈಹಾಕುವಾಗ ಹಳೆಯ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಆ ಕಾಲದ ಲೈನಿಂಗ್‌ನಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಒದ್ದೆ ಮಾಡಿ ಒರೆಸುವುದೇ ಸರಿ. ಕಾಯಿಲ್ ಸ್ಪ್ರಿಂಗ್ ಒತ್ತಿ ಕೂತಿರುವುದರಿಂದ ಬಾಲ್ ಜಾಯಿಂಟ್ ಬಿಚ್ಚುವ ಮೊದಲು ಕೆಳಗಿನ ಕಂಟ್ರೋಲ್ ಆರ್ಮ್‌ಗೆ ಜಾಕ್ ಕೊಟ್ಟಿರಲೇಬೇಕು. ಹೊಸ ಡಿಸ್ಕಿನ ತುಕ್ಕು ತಡೆಯುವ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೊಳೆಯಬೇಕು. ಬೇರಿಂಗಿಗೆ ಹೆಚ್ಚಿನ ಬಿಸಿ ತಾಳುವ ಗ್ರೀಸನ್ನು ಅಂಗೈಯಲ್ಲಿಟ್ಟುಕೊಂಡು ರೋಲರ್‌ಗಳ ಸಂದಿನಿಂದ ಆಚೆ ಬದಿಗೆ ಹೊರಬರುವವರೆಗೆ ಒತ್ತಬೇಕು. ಬಳಿಕ ಡಿಸ್ಕನ್ನು ಕೈಯಲ್ಲಿ ತಿರುಗಿಸುತ್ತಾ ನಟ್ಟನ್ನು ಬಿಗಿಸಿ, ಸಡಿಲಿಸಿ, ಮತ್ತೆ ಬೆರಳಿನಿಂದ ಬಿಗಿಯಾಗುವಷ್ಟೇ ತಿರುಗಿಸಿ ಸ್ಪ್ಲಿಟ್ ಪಿನ್ ಹಾಕಬೇಕು. ಹೊಸ ರಬ್ಬರ್ ಹೋಸಿನ ಬೋಲ್ಟಿಗೆ ತಾಮ್ರದ ವಾಷರೂ ಹೊಸದೇ ಆಗಬೇಕು. ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿದಾಗ ಹೋಸ್ ಎಲ್ಲಿಯೂ ಎಳೆಯಬಾರದು, ಉಜ್ಜಬಾರದು.

ಏರ್ ತೆಗೆಯುವಾಗ ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ ಮೇಲ್ತುದಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ಅದು ಕೆಳಗಿದ್ದರೆ ಎಡಗಡೆಯ ಕ್ಯಾಲಿಪರ್ ಬಲಗಡೆಗೆ, ಬಲಗಡೆಯದು ಎಡಗಡೆಗೆ ಹೋಗಿದೆ ಎಂದೇ ಅರ್ಥ. ಎಷ್ಟು ಪಂಪ್ ಮಾಡಿದರೂ ಮೇಲೆ ಸಿಕ್ಕಿಕೊಂಡ ಗಾಳಿ ಬರುವುದಿಲ್ಲ. ಮಾಸ್ಟರ್ ಸಿಲಿಂಡರಿನ ಗಾಳಿಯನ್ನು ಕಾರಿಗೆ ಕೂರಿಸುವ ಮೊದಲೇ ಟೇಬಲ್ಲಿನ ಮೇಲೆ ತೆಗೆದಿರಬೇಕು. ಆಮೇಲೆ ದೂರದ ಚಕ್ರದಿಂದ ಹತ್ತಿರದ ಚಕ್ರಕ್ಕೆ ಬರಬೇಕು. ಡಾಟ್ 3 ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿಗೆ, ಡಾಟ್ 4 ಕನಿಷ್ಠ 230ಕ್ಕೆ. ಎರಡೂ ಗಾಳಿಯ ತೇವ ಹೀರಿ ಕ್ರಮೇಣ ಶಕ್ತಿಗುಂದುತ್ತವೆ. ತೇವ ಸೇರಿದ ಡಾಟ್ 3ರ ಮಿತಿ 140 ಡಿಗ್ರಿ ಮಾತ್ರ. ಸಿಲಿಕೋನ್‌ನ ಡಾಟ್ 5 ಆಯಿಲನ್ನು ಇವುಗಳೊಂದಿಗೆ ಬೆರೆಸುವಂತಿಲ್ಲ.

ಹೊಸ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ ಹದವಾಗಿ ಹಲವು ಸಲ ನಿಧಾನಿಸಿ, ಪ್ರತಿ ಸಲವೂ ಆರಲು ಬಿಟ್ಟು, ಪ್ಯಾಡಿನ ಪದರ ಡಿಸ್ಕಿಗೆ ಸಮನಾಗಿ ಹತ್ತುವಂತೆ ಮಾಡಬೇಕು. ಕಾದ ಡಿಸ್ಕಿನ ಮೇಲೆ ಪೆಡಲ್ ಒತ್ತಿಕೊಂಡೇ ನಿಂತರೆ ಆ ಒಂದು ಜಾಗದಲ್ಲಿ ಪ್ಯಾಡಿನ ಗುರುತು ಉಳಿದು ಆಮೇಲೆ ಕಂಪಿಸುತ್ತದೆ. ಇದೆಲ್ಲ ಮುಗಿದ ಮೇಲೆ, ಸರಿಹೊಂದಿಸಬಹುದಾದ ಪ್ರಪೋರ್ಷನಿಂಗ್ ವಾಲ್ವ್ ಹಾಕಿದ್ದರೆ, ಹಿಂದಿನ ಒತ್ತಡವನ್ನು ತೀರಾ ಕಡಿಮೆಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಒತ್ತಿ ನೋಡಬೇಕು. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಕೂದಲೆಳೆಯಷ್ಟು ಮೊದಲು ಲಾಕ್ ಆಗುವ ಜಾಗ ಸಿಕ್ಕಾಗ ವಾಲ್ವಿನ ತಿರುಪನ್ನು ಅಲ್ಲಿಗೆ ನಿಲ್ಲಿಸಬೇಕು. ಕೆಲವು ನೂರು ಕಿ.ಮೀ. ಓಡಿದ ಬಳಿಕ ಪ್ರತಿ ಜಾಯಿಂಟಿನಲ್ಲೂ ಸೋರಿಕೆ, ಆಯಿಲ್ ಮಟ್ಟ, ವೀಲ್ ನಟ್ ಮತ್ತು ಬೇರಿಂಗಿನ ಸಡಿಲವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.