ಪಿಟೀಲಿನ ಒಂದು ಮಟ್ಟು: ಮ್ಯಾಲೋದಿಂದ ಮೀನಾಕ್ಷಿಯವರೆಗೆ

ತತ್ತ್ವಪದ, ಕೀರ್ತನೆ, ರಂಗಗೀತೆಗಳ ಹಳೆಯ ಮುದ್ರಣಗಳಲ್ಲಿ ಹಾಡಿನ ನೆತ್ತಿಯ ಮೇಲೆ ಮತ್ತೊಂದು ಹಾಡಿನ ಮೊದಲ ಪದಗಳನ್ನಿತ್ತು ‘ಎಂಬ ಮಟ್ಟು’ ಎಂದು ಸೂಚಿಸುವ ರೂಢಿಯುಂಟು. ಮಟ್ಟು ಎಂದರೆ ಧಾಟಿ. ಒಂದು ಸಾಹಿತ್ಯದಿಂದ ಬಿಡಿಸಿ ಇನ್ನೊಂದಕ್ಕೆ ತೊಡಿಸಬಹುದಾದ ನಾದದ ಅಂಗಿ. ಆ ಅಂಗಿ ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಐರ್ಲೆಂಡಿನ ‘ರೇಕ್ಸ್ ಆಫ್ ಮ್ಯಾಲೋ’ ಎಂಬ ಪಿಟೀಲು ಮಟ್ಟು ನಿದರ್ಶನವಾಗಿದೆ.

ಮ್ಯಾಲೋ ಕಾರ್ಕ್ ಪ್ರಾಂತದ ಊರು. 18ನೆಯ ಶತಮಾನದಲ್ಲಿ ಚಿಲುಮೆಯ ನೀರಿಗೆ ಹೆಸರಾಗಿ ಸಿರಿವಂತರನ್ನು ಸೆಳೆಯುತ್ತಿತ್ತು. ಅಲ್ಲಿ ಕುಡಿದು ಕುಣಿದು ಕಾಲ ಕಳೆದ ಉಂಡಾಡಿ ತರುಣರೇ ಈ ಹಾಡಿನ ‘ರೇಕ್ಸ್’. ಕರ್ತೃ ಯಾರೆಂಬ ಉಲ್ಲೇಖವಿಲ್ಲದೆಯೇ ಆ ಶತಮಾನದ ಮಧ್ಯಭಾಗದ ವೇಳೆಗೆ ಮಟ್ಟು ಲಂಡನ್ನಿನ ಮುದ್ರಿತ ಸಂಗ್ರಹಗಳನ್ನು ಸೇರಿತ್ತು. ಸ್ಕಾಟ್ಲೆಂಡಿನಲ್ಲಿ ಅದಕ್ಕೆ ‘ಸ್ಯಾಂಡಿ ಲೆಂಟ್ ದ ಮ್ಯಾನ್ ಹಿಸ್ ಮಲ್’ ಎಂಬ ಬೇರೆಯೇ ಹೆಸರು. ಇಂಗ್ಲೆಂಡಿನ ಮಾರಿಸ್ ಕುಣಿತದಲ್ಲಿ ಅದು ‘ರಿಗ್ಸ್ ಆಫ್ ಮಾರ್ಲೋ’ ಆಯಿತು: ಕೇಳದ ಐರಿಷ್ ಊರಿನ ಜಾಗಕ್ಕೆ ತಮಗೆ ಪರಿಚಿತವಾದ ಊರಿನ ಹೆಸರು ಬಂದು ಕುಳಿತಿತು. ಜಾನಪದದಲ್ಲಿ ಪಾಠಾಂತರಗಳು ಹುಟ್ಟುವ ಬಗೆಯೇ ಇದು. ಅರ್ಥವಾಗದ್ದನ್ನು ನಾಲಿಗೆ ಅರ್ಥವಾಗುವಂತೆ ತಿದ್ದಿಕೊಳ್ಳುತ್ತದೆ. ಮುಂದೆ ಲಿರಾಯ್ ಆ್ಯಂಡರ್ಸನ್ನನ ವಾದ್ಯವೃಂದಕ್ಕೂ, 1952ರ ‘ದ ಕ್ವಯಟ್ ಮ್ಯಾನ್’ ಚಲನಚಿತ್ರಕ್ಕೂ ಇದು ಪ್ರವೇಶ ಪಡೆಯಿತು.

ಆದರೆ ಇದರ ಅತ್ಯಂತ ವಿಸ್ಮಯಕರ ರೂಪಾಂತರ ನಡೆದದ್ದು ಮದರಾಸಿನ ಪರಿಸರದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ವಾದ್ಯವೃಂದಗಳು ಸಂತ ಜಾರ್ಜ್ ಕೋಟೆಯಲ್ಲಿ ಇಂಥ ಮಟ್ಟುಗಳನ್ನು ನುಡಿಸುತ್ತಿದ್ದವು. ಸಮೀಪದ ಮಣಲಿಯಲ್ಲಿ ಮುದ್ದುಕೃಷ್ಣ ಮೊದಲಿಯಾರರ ಆಶ್ರಯದಲ್ಲಿದ್ದ ದೀಕ್ಷಿತರ ಕುಟುಂಬಕ್ಕೆ ಅವು ಕಿವಿಗೆ ಬಿದ್ದವು. ಬಾಲುಸ್ವಾಮಿ ದೀಕ್ಷಿತರು ಐರೋಪ್ಯ ವಾದಕನಿಂದ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. 1835ರಲ್ಲಿ ಕಾಲವಾದ ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ರಚಿಸಿದರು. ಇವೇ ‘ನೊಟ್ಟುಸ್ವರ’ಗಳು. ಬ್ರಿಟಿಷ್ ರಾಜಗೀತೆಯ ಧಾಟಿ ‘ಸಂತತಂ ಪಾಹಿಮಾಂ’ ಆಯಿತು. ಮ್ಯಾಲೋದ ಪೋಲಿಗಳ ಹಾಡು ‘ವಂದೇ ಮೀನಾಕ್ಷಿ’ ಆಯಿತು. ಮದ್ಯದ ಹಾಡು ಮಧುರೆಯ ದೇವಿಯ ಸ್ತುತಿಯಾದದ್ದರಲ್ಲಿ ದೀಕ್ಷಿತರಿಗೆ ಯಾವ ಸಂಕೋಚವೂ ತೋರಲಿಲ್ಲವೆನ್ನಬೇಕು.

ಈ ಜೋಡಣೆಯ ಕುಶಲತೆಯನ್ನು ಛಂದಸ್ಸಿನ ವಿದ್ಯಾರ್ಥಿಗಳು ಗಮನಿಸಬೇಕು. ಐರಿಷ್ ಮಟ್ಟಿನ ಆರಂಭವನ್ನು ನಮ್ಮ ಸ್ವರಗಳಲ್ಲಿ ಬರೆದರೆ ಸ ಗ ಸ ಗ, ಬಳಿಕ ನಿ ರಿ ನಿ ರಿ ಎಂಬ ಸಮಕಾಲದ ಜಿಗಿತಗಳು ಕಾಣುತ್ತವೆ. ‘ವಂದೇ ಮೀನಾ’ ಎಂಬಲ್ಲಿ ನಾಲ್ಕೂ ಅಕ್ಷರಗಳು ಗುರುಗಳೇ. ಸಮನಾದ ಸ್ವರಗಳಿಗೆ ಸಮನಾದ ಮಾತ್ರೆಗಳು. ಸ್ವರಶ್ರೇಣಿ ಶಂಕರಾಭರಣದ್ದೇ, ಆದರೂ ಗಮಕವಿಲ್ಲದ ಕಾರಣ ಕೇಳುಗನಿಗೆ ಅಲ್ಲಿ ಶಂಕರಾಭರಣ ರಾಗದ ದರ್ಶನವಾಗುವುದಿಲ್ಲ. ದೀಕ್ಷಿತರು ಬೇಕೆಂದೇ ಮಟ್ಟನ್ನು ರಾಗವಾಗಿ ಬೆಳೆಸದೆ ಮಟ್ಟಾಗಿಯೇ ಉಳಿಸಿದಂತಿದೆ.

ಮಟ್ಟಿನಂತೆ ಮಾತೂ ವಲಸೆ ಬಂದಿತು. ‘ನೊಟ್ಟು’ ಇಂಗ್ಲಿಷಿನ ನೋಟ್. ‘ಪಿಟೀಲು’ ಅದೇ ಭಾಷೆಯ ಫಿಡ್ಲ್. ದೇಶ್ಯ ಕನ್ನಡದಲ್ಲಿಲ್ಲದ ‘ಫ’ ಕಾರದ ಜಾಗಕ್ಕೆ ‘ಪ’ ಬಂದಿದೆ, ಕೊನೆಗೆ ‘ಬಸ್ಸು’, ‘ಕಾರು’ಗಳಲ್ಲಿರುವಂತೆ ಉಕಾರ ಸೇರಿದೆ. ‘ಡ’ ಕಾರ ‘ಟ’ ಆದದ್ದಕ್ಕೆ, ಎರಡಕ್ಕೂ ಒಂದೇ ಲಿಪಿಚಿಹ್ನೆಯಿರುವ ತಮಿಳಿನ ಮೂಲಕ ಪದ ಬಂದದ್ದು ಕಾರಣವಾಗಿರಬಹುದು. ಮೈಸೂರಿನ ತಿರುಮಕೂಡಲು ಚೌಡಯ್ಯನವರು (1895–1967) ಅದಕ್ಕೆ ಏಳು ತಂತಿ ಕಟ್ಟಿ ‘ಪಿಟೀಲು ಚೌಡಯ್ಯ’ ಎನಿಸಿದ ಮೇಲೆ, ಅದು ಪರದೇಶದ ಪದವೆಂಬ ನೆನಪೂ ಅಳಿಸಿತು.

ನೊಟ್ಟುಸ್ವರಗಳು ಉಳಿದದ್ದು ಬರೆದಿಟ್ಟದ್ದರಿಂದ. ಸುಬ್ಬರಾಮ ದೀಕ್ಷಿತರು ಪ್ರಕಟಿಸಿದ ಪುಸ್ತಕದಲ್ಲಿ ಅವುಗಳಿಗೆ ಸ್ವರಲಿಪಿಯುಂಟು. ನಮ್ಮ ಪದಸಾಹಿತ್ಯದ ಮಟ್ಟುಗಳಿಗೆ ಆ ಭಾಗ್ಯ ಕಡಿಮೆ. ಜಹೀರಾಬಾದಿನಿಂದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸಾಗಿದರೆ ಹುಮನಾಬಾದ್ ಬಳಿ ಮಾಣಿಕನಗರ ಸಿಗುತ್ತದೆ. ಮಾಣಿಕಪ್ರಭುಗಳು (1817–1865) ಅಲ್ಲಿ ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದ ಕಟ್ಟಿದರು. ಭಾಷೆಗಳು ಹೀಗೆ ಬೆರೆತ ಗಡಿಯಲ್ಲಿ ಪದ ಸಂಗ್ರಹಿಸುವಾಗ ‘ಎಂಬ ಮಟ್ಟು’ ಎಂಬ ಸೂಚನೆಯನ್ನು ಅಪ್ರಸ್ತುತವೆಂದು ಕೈಬಿಟ್ಟರೆ, ಆ ಪದ ಯಾವ ಭಾಷೆಯ ಯಾವ ಹಾಡಿನ ನೆರೆಯಲ್ಲಿ ಹುಟ್ಟಿತೆಂಬ ಸಾಕ್ಷ್ಯವೂ ಅದರೊಡನೆ ಹೋಗುತ್ತದೆ. ಸೂಚಿತ ಹಾಡನ್ನು ಬಲ್ಲ ಹಿರಿಯರು ಇರುವಾಗಲೇ ಅದನ್ನು ಹಾಡಿಸಿ ಧ್ವನಿಮುದ್ರಿಸಿಕೊಳ್ಳುವುದು ಪಠ್ಯ ಸಂಪಾದನೆಯ ಕೆಲಸವೇ ಹೌದು.